ಟ್ಯಾಬ್ಲೆಟ್ ಕಣ್ಣಿಗೆ ಬೀಳದ ಪ್ರಿಂಟರ್

ಗಾಜಿನ ಮೇಲೆ ಆಧಾರ್ ಕಾರ್ಡ್ ಇಟ್ಟು ಕಾಪಿ ಗುಂಡಿ ಒತ್ತಿದರೆ ಹಾಳೆ ಸಲೀಸಾಗಿ ಹೊರಬರುತ್ತದೆ. ಅದೇ ಪ್ರಿಂಟರಿಗೆ ನಾಲ್ಕು ಮಾರು ದೂರದ ಸೋಫಾದಿಂದ, ಟ್ಯಾಬ್ಲೆಟ್‌ನಲ್ಲಿರುವ ಹಾಲ್ ಟಿಕೆಟ್ ಕಳಿಸಲು ಹೋದರೆ ‘ಪ್ರಿಂಟರ್ ಸಿಗಲಿಲ್ಲ’ ಎಂಬ ಉತ್ತರ. ಆಗ ಮನೆಯವರೆಲ್ಲ ಸೇರಿ ಬೈಯುವುದು ಪ್ರಿಂಟರನ್ನು. ಕಾರ್ಟ್ರಿಜ್ ತೆಗೆದು ಹಾಕುತ್ತಾರೆ, ಆ್ಯಪ್ ಅಳಿಸಿ ಮತ್ತೆ ಇಳಿಸಿಕೊಳ್ಳುತ್ತಾರೆ, ಸರ್ವಿಸ್ ಸೆಂಟರ್‌ಗೆ ಫೋನೂ ಹೋಗುತ್ತದೆ. ಕಾಪಿ ಸರಿಯಾಗಿ ಬಂತು ಎಂದ ಮೇಲೆ ಪ್ರಿಂಟರ್ ಆರೋಗ್ಯವಾಗಿದೆ ಎಂದೇ ಅರ್ಥ. ಕೆಟ್ಟಿರುವುದು ಇಬ್ಬರ ನಡುವಿನ ದಾರಿ.

2010ರ ಏಪ್ರಿಲ್‌ನಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದಾಗ ಅದರಲ್ಲಿ ಪ್ರಿಂಟ್ ಎಂಬ ಆಯ್ಕೆಯೇ ಇರಲಿಲ್ಲ. ಆ ಆಯ್ಕೆ ಏರ್‌ಪ್ರಿಂಟ್ ಎಂಬ ಹೆಸರಿನಲ್ಲಿ ಬಂದದ್ದು ಅದೇ ವರ್ಷದ ನವೆಂಬರಿನಲ್ಲಿ. ಆಂಡ್ರಾಯ್ಡ್‌ಗೆ ಸ್ವಂತ ಪ್ರಿಂಟ್ ವ್ಯವಸ್ಥೆ ಸಿಕ್ಕಿದ್ದು 2013ರ ಕಿಟ್‌ಕ್ಯಾಟ್ ಆವೃತ್ತಿಯಲ್ಲಿ. ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಕಂಪನಿಗಳು ಕೂಡಿ ಮೊಬೈಲ್ ಪ್ರಿಂಟಿಂಗ್‌ಗೆಂದು ಮಾಪ್ರಿಯಾ ಎಂಬ ಒಕ್ಕೂಟ ಕಟ್ಟಿದ್ದೂ ಅದೇ ವರ್ಷ. ಅಂತರ್ಜಾಲದ ಮೂಲಕ ಹಾಳೆ ಕಳಿಸುತ್ತಿದ್ದ ಗೂಗಲ್ ಕ್ಲೌಡ್ ಪ್ರಿಂಟ್ 2020ರ ಡಿಸೆಂಬರ್ 31ಕ್ಕೆ ಬಾಗಿಲು ಹಾಕಿತು. ಹಳೆಯ ಪ್ರಿಂಟರಿನ ಡಬ್ಬದ ಮೇಲೆ ಆ ಹೆಸರು ನೋಡಿ ಇಂದಿಗೂ ಅದನ್ನು ಹುಡುಕುವವರಿದ್ದಾರೆ. ಸಿಗುವುದಿಲ್ಲ, ಬಿಟ್ಟುಬಿಡಿ.

ಈಗಿನ ವ್ಯವಸ್ಥೆಯಲ್ಲಿ ನಡೆಯುವುದಿಷ್ಟು. ನೀವು ಪ್ರಿಂಟ್ ಒತ್ತಿದ ಕೂಡಲೇ ಟ್ಯಾಬ್ಲೆಟ್ ಮನೆಯ ವೈಫೈ ಒಳಗೆ ಡಂಗುರ ಹೊಡೆಸುತ್ತದೆ: ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ? 224.0.0.251 ಎಂಬ ವಿಳಾಸ ಈ ಸಾರುವಿಕೆಗೆಂದೇ ಮೀಸಲು. ಪ್ರಿಂಟರ್ ಓಗೊಟ್ಟರೆ ಪಟ್ಟಿಯಲ್ಲಿ ಅದರ ಹೆಸರು ಕಾಣುತ್ತದೆ. ಡಂಗುರ ಒಂದು ನೆಟ್‌ವರ್ಕ್ ದಾಟಿ ಇನ್ನೊಂದಕ್ಕೆ ಹೋಗುವುದಿಲ್ಲ. ಮುಕ್ಕಾಲು ಪಾಲು ತೊಂದರೆ ಹುಟ್ಟುವುದು ಇಲ್ಲಿಯೇ.

ಸಿಮ್ ಹಾಕಿದ ಟ್ಯಾಬ್ಲೆಟ್ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಜಾರಿರಬಹುದು. ಅಥವಾ ಅದು ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈಯಲ್ಲಿರಬಹುದು; ಗೆಸ್ಟ್ ಜಾಲದಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದಂತೆ ರೌಟರ್ ತಡೆಯುತ್ತದೆ. ಪಿಜಿ, ಹಾಸ್ಟೆಲ್, ಕಾಲೇಜುಗಳ ವೈಫೈಯಲ್ಲೂ ಸಾಮಾನ್ಯವಾಗಿ ಇದೇ ಕಟ್ಟುಪಾಡು. ಅದು ಸುರಕ್ಷತೆಗೆ ಬೇಕಾದದ್ದು, ಜಗಳವಾಡಿ ಪ್ರಯೋಜನವಿಲ್ಲ. ಅಂಥ ಕಡೆ ಪ್ರಿಂಟರಿನ ವೈಫೈ ಡೈರೆಕ್ಟ್ ಆನ್ ಮಾಡಿ. ‘ಡೈರೆಕ್ಟ್’ ಎಂದು ಶುರುವಾಗುವ ಹೆಸರು ಟ್ಯಾಬ್ಲೆಟ್‌ನ ವೈಫೈ ಪಟ್ಟಿಯಲ್ಲಿ ಕಾಣುತ್ತದೆ, ಅದಕ್ಕೆ ಸೇರಿಕೊಂಡರೆ ನಡುವೆ ರೌಟರಿನ ಹಂಗೇ ಇಲ್ಲ. ಈ ಜಾಲದಲ್ಲಿ ಇಂಟರ್‌ನೆಟ್ ಇಲ್ಲ ಎಂದು ಟ್ಯಾಬ್ಲೆಟ್ ತಕರಾರು ಎತ್ತುತ್ತದೆ. ಆದರೂ ಇರಲಿ ಎನ್ನಿ. ಆಫೀಸಿನ ಟ್ಯಾಬ್ಲೆಟ್ ಆದರೆ ವಿಪಿಎನ್ ಕೂಡ ನೋಡಿಕೊಳ್ಳಿ. ಅದು ಆನ್ ಇದ್ದಾಗ ಪಕ್ಕದ ಪ್ರಿಂಟರ್ ಮರೆಯಾಗುವುದುಂಟು.

ಅಗ್ಗದ ಇಂಕ್ ಟ್ಯಾಂಕ್ ಪ್ರಿಂಟರುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಬಲ್ಲವು. ಫೈಬರ್ ಸಂಪರ್ಕದವರು ಕೊಡುವ ರೌಟರ್ 2.4 ಮತ್ತು 5 ಎರಡನ್ನೂ ಬಿತ್ತರಿಸುತ್ತದೆ. ಟ್ಯಾಬ್ಲೆಟ್ 5ರಲ್ಲಿ, ಪ್ರಿಂಟರ್ 2.4ರಲ್ಲಿ ಇದ್ದರೂ ರೌಟರ್ ಎರಡನ್ನೂ ಬೆಸೆಯಬೇಕು, ಬಹುತೇಕ ಬೆಸೆಯುತ್ತದೆ ಕೂಡ. ಕೆಲವು ರೌಟರುಗಳು ಡಂಗುರವನ್ನು ಮಾತ್ರ ಆಚೆ ದಾಟಿಸುವುದಿಲ್ಲ. ಟ್ಯಾಬ್ಲೆಟ್ಟನ್ನೂ 2.4ಕ್ಕೆ ತಂದು ನೋಡಿದರೆ ಗುಟ್ಟು ರಟ್ಟಾಗುತ್ತದೆ.

ನಮ್ಮೂರುಗಳಿಗೇ ವಿಶೇಷವಾದ ಇನ್ನೊಂದು ಕಾರಣವಿದೆ: ಕರೆಂಟ್. ಹೋಗಿ ಬಂದ ಮೇಲೆ ಪ್ರಿಂಟರ್ ಬೇಗ ಎಚ್ಚರಗೊಳ್ಳುತ್ತದೆ, ರೌಟರ್ ನಿಧಾನ. ಆ ಹೊತ್ತಿಗೆ ವೈಫೈ ಸಿಗದ ಪ್ರಿಂಟರ್ ಕೆಲವೊಮ್ಮೆ ಹುಡುಕಾಟವನ್ನೇ ಕೈಬಿಡುತ್ತದೆ. ಸಿಕ್ಕಿದರೂ ರೌಟರ್ ಅದಕ್ಕೆ ಹೊಸ ಐಪಿ ವಿಳಾಸ ಕೊಟ್ಟಿರಬಹುದು. ಟ್ಯಾಬ್ಲೆಟ್ ಹಳೆಯ ವಿಳಾಸಕ್ಕೇ ಕದ ತಟ್ಟುತ್ತಿರುತ್ತದೆ. ಆದ್ದರಿಂದ ಮೊದಲು ರೌಟರ್ ಆನ್ ಮಾಡಿ, ದೀಪಗಳು ನೆಲೆನಿಂತ ಮೇಲೆ ಪ್ರಿಂಟರ್, ಕೊನೆಗೆ ಟ್ಯಾಬ್ಲೆಟ್‌ನ ವೈಫೈ ಆರಿಸಿ ಹಚ್ಚಿ. ರೌಟರಿನ ಸೆಟ್ಟಿಂಗ್ಸ್‌ಗೆ ಹೋಗಲು ಬಲ್ಲವರು ಅಡ್ರೆಸ್ ರಿಸರ್ವೇಶನ್ ಎಂಬಲ್ಲಿ ಪ್ರಿಂಟರಿಗೆ ಒಂದು ವಿಳಾಸವನ್ನು ಕಾಯಂ ಮಾಡಿಬಿಟ್ಟರೆ ಈ ರಗಳೆ ಮುಗಿಯಿತು. ಬ್ರಾಡ್‌ಬ್ಯಾಂಡ್ ಬದಲಿಸಿದವರಿಗೂ ಒಂದು ಉಪಾಯ: ಹೊಸ ರೌಟರಿಗೆ ಹಳೆಯ ವೈಫೈ ಹೆಸರು, ಹಳೆಯ ಪಾಸ್‌ವರ್ಡನ್ನೇ ಅಕ್ಷರ ತಪ್ಪದೆ ಇಡಿ. ಸಾಮಾನ್ಯವಾಗಿ ಪ್ರಿಂಟರಿಗೆ ಬದಲಾವಣೆ ಗೊತ್ತೇ ಆಗುವುದಿಲ್ಲ.

ಇಷ್ಟಾದರೂ ಕಾಣದಿದ್ದರೆ ನನಗೆ ಅತ್ಯಂತ ನಂಬಿಕೆಯ ಪರೀಕ್ಷೆ ಒಂದಿದೆ. ಪ್ರಿಂಟರಿನಿಂದ ಅದರ ನೆಟ್‌ವರ್ಕ್ ಮಾಹಿತಿಯ ಪುಟ ತೆಗೆಯಿರಿ. ಯಾವ ಗುಂಡಿಗಳನ್ನು ಒತ್ತಿ ಹಿಡಿಯಬೇಕೆಂಬುದು ಜೊತೆಗೆ ಬಂದ ಕೈಪಿಡಿಯಲ್ಲಿರುತ್ತದೆ. 192.168 ಎಂದು ಮೊದಲಾಗುವಂಥ ಐಪಿ ವಿಳಾಸ ಅದರಲ್ಲಿ ಸಿಗುತ್ತದೆ. ಅದನ್ನು ಟ್ಯಾಬ್ಲೆಟ್‌ನ ಬ್ರೌಸರಿನಲ್ಲಿ ಟೈಪ್ ಮಾಡಿ. ಪ್ರಿಂಟರಿನದೇ ಪುಟವೊಂದು ತೆರೆದುಕೊಂಡರೆ ದಾರಿ ಚೊಕ್ಕವಾಗಿದೆ, ಡಂಗುರವಷ್ಟೇ ಮುಟ್ಟುತ್ತಿಲ್ಲ. ಆಂಡ್ರಾಯ್ಡ್‌ನಲ್ಲಿ ಪ್ರಿಂಟ್ ಸರ್ವಿಸ್‌ಗೆ ಹೋಗಿ ಆ ವಿಳಾಸವನ್ನೇ ಕೈಯಾರೆ ಸೇರಿಸಬಹುದು. ಐಪ್ಯಾಡ್ ಬಹುಮಟ್ಟಿಗೆ ಡಂಗುರವನ್ನೇ ನಂಬಿರುವುದರಿಂದ ರೌಟರನ್ನೇ ಒಮ್ಮೆ ಆರಿಸಿ ಹಚ್ಚಬೇಕು. ಐಪ್ಯಾಡ್‌ನ ಸ್ವಂತ ಪ್ರಿಂಟ್ ನಡೆದು ಕಂಪನಿಯ ಆ್ಯಪ್ ಮಾತ್ರ ಕುರುಡಾಗಿದ್ದರೆ, ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಲೋಕಲ್ ನೆಟ್‌ವರ್ಕ್ ಅನುಮತಿ ಆ ಆ್ಯಪ್‌ಗೆ ಇದೆಯೇ ನೋಡಿ. 2020ರಿಂದ ಈ ಅನುಮತಿ ಕೇಳಲಾಗುತ್ತಿದೆ. ಅವಸರದಲ್ಲಿ ‘ಬೇಡ’ ಎಂದು ಒತ್ತಿದವರು ಅದನ್ನು ಮರೆತಿರುತ್ತಾರೆ.

ಪ್ರಿಂಟರ್ ಕಂಡರೂ ಹಾಳೆ ಬಾರದಿದ್ದರೆ ಅದು ಬೇರೆ ಕಥೆ. ಕಾಗದದ ಅಳತೆ ಅಮೆರಿಕದ ಲೆಟರ್ ಎಂದು ಉಳಿದಿದ್ದರೆ, ಟ್ರೇಯಲ್ಲಿ ಎ4 ಇಟ್ಟುಕೊಂಡೇ ಪ್ರಿಂಟರ್ ಲೆಟರ್ ಹಾಳೆಗಾಗಿ ಕಾಯುತ್ತಾ ಕೂರಬಹುದು. ಮೊದಲು ಕಳಿಸಿ ಸಿಕ್ಕಿಕೊಂಡ ಫೈಲನ್ನು ರದ್ದುಮಾಡದೆ ಹೊಸದನ್ನು ಮತ್ತೆ ಮತ್ತೆ ಕಳಿಸಬೇಡಿ. ಎಲ್ಲ ಸರಿಹೋದ ಮೇಲೆ ಒಂದೇ ಅರ್ಜಿಯ ಪ್ರತಿಗಳು ಸಾಲಾಗಿ ಹೊರಬೀಳುತ್ತವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಕಡತ ಟ್ಯಾಬ್ಲೆಟ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಹಾಗೆಯೇ ಪ್ರಿಂಟೂ ಆಗುತ್ತದೆ. ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ತರುವುದು ಒಳ್ಳೆಯದು.

ಬೀದಿ ಕೊನೆಯ ಜೆರಾಕ್ಸ್ ಅಂಗಡಿ ಇರುವಾಗ ಇಷ್ಟೆಲ್ಲ ಯಾಕೆ ಎಂದರೆ, ಅಲ್ಲಿಗೆ ವಾಟ್ಸ್‌ಆ್ಯಪ್ ಮಾಡಿದ ಪಾನ್ ಕಾರ್ಡು, ಬ್ಯಾಂಕ್ ಸ್ಟೇಟ್‌ಮೆಂಟು ಆ ಕಂಪ್ಯೂಟರಿನಲ್ಲೇ ಉಳಿದಿರುತ್ತವೆ. ಅಂಥ ಕಾಗದಗಳನ್ನಾದರೂ ಮನೆಯಲ್ಲೇ ತೆಗೆಯಿರಿ. ಹೊಸ ಪ್ರಿಂಟರ್ ಕೊಳ್ಳುವವರು ಡಬ್ಬದ ಮೇಲೆ ಏರ್‌ಪ್ರಿಂಟ್ ಅಥವಾ ಮಾಪ್ರಿಯಾ ಎಂಬ ಗುರುತು ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಿ. ಬರೀ ‘ವೈಫೈ’ ಎಂದಷ್ಟೇ ಬರೆದಿದ್ದರೆ ಅದು ನಿಮ್ಮ ಟ್ಯಾಬ್ಲೆಟ್‌ಗೆ ಒಗ್ಗುತ್ತದೆ ಎಂದು ನಂಬಬೇಡಿ.