ತಟ್ಟೆಯಲ್ಲಿದ್ದದ್ದು ಹೂವೋ, ಹಣ್ಣೋ?

ರಾಘವೇಂದ್ರ ಸ್ವಾಮಿಗಳನ್ನು ಪರೀಕ್ಷಿಸಲು ಆದವಾನಿಯ ನವಾಬ ಸಿದ್ದಿ ಮಸೂದ್ ಖಾನ್ ಮಾಂಸದ ತಟ್ಟೆಗೆ ಬಟ್ಟೆ ಮುಚ್ಚಿ ಒಪ್ಪಿಸಿದ. ಸ್ವಾಮಿಗಳು ತೀರ್ಥ ಪ್ರೋಕ್ಷಿಸಿದರು, ಮಾಂಸ ಮಾಯವಾಯಿತು. ಇಲ್ಲಿಯವರೆಗೆ ತಕರಾರಿಲ್ಲ. ಮುಂದೆ ಕಂಡದ್ದು ಹೂವೆಂದು ಕೆಲವರು, ಹಣ್ಣೆಂದು ಕೆಲವರು.

ಆಟವನ್ನು ಆಧರಿಸಿದ ಮಾಂತ್ರಿಕ ಕಾದಂಬರಿಗಳ ಓದುಗರಿಗೆ ಯಾವ ರೂಪ ಅಧಿಕೃತ ಎಂಬ ಈ ಜಗಳ ಹೊಸದಲ್ಲ. 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಿಂದ 1984ರಲ್ಲಿ ‘ಡ್ರ್ಯಾಗನ್‌ಲ್ಯಾನ್ಸ್’ ಕಾದಂಬರಿಗಳು ಹುಟ್ಟಿದವು. ಅಲ್ಲಿ ಮಂತ್ರದ ನಿಯಮ ಯಾವುದೆಂದು ಹೇಳಲು ಹಕ್ಕುದಾರ ಕಂಪನಿಯಿದೆ. ಮಂತ್ರಾಲಯದ ಪವಾಡಗಳಿಗೆ ಅಂಥ ಒಡೆಯರಿಲ್ಲ.

ಆಧಾರಗ್ರಂಥವೇನೋ ಇದೆ. ಸ್ವಾಮಿಗಳ ಸೋದರಳಿಯ ನಾರಾಯಣಾಚಾರ್ಯರ ‘ರಾಘವೇಂದ್ರ ವಿಜಯ’ ಸ್ವಾಮಿಗಳ ಕಾಲದ್ದೇ ಸಂಸ್ಕೃತ ಕಾವ್ಯ. ಆದರೆ ಅದರ ಒಲವು ವಂಶ, ವಿದ್ವತ್ತು, ಸನ್ಯಾಸ, ಸಂಚಾರಗಳತ್ತ. 1671ರ ಬೃಂದಾವನ (ಸಮಾಧಿ) ಪ್ರವೇಶದವರೆಗೆ ಅದು ಬರುವುದಿಲ್ಲ. ಆ ತೆರಪನ್ನು ದಾಸರ ಪದ, ಹರಿಕಥೆ, ಹಿರಿಯರ ಬಾಯಿಮಾತು ತುಂಬಿದವು. 1966ರಲ್ಲಿ ರಾಜ್‌ಕುಮಾರ್ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ಸ್ವಾಮಿಗಳಾದ ಮೇಲೆ ಎಷ್ಟೋ ಮನೆಗಳಿಗೆ ತೆರೆಯ ಮೇಲೆ ಕಂಡದ್ದೇ ಪ್ರಮಾಣ.

ಒಡೆಯರಿಲ್ಲದಿದ್ದರೂ ಕತೆಗೆ ಒಳಗಿನ ಕಟ್ಟುಪಾಡಿದೆ. ನವಾಬ ಫಲವತ್ತಾದ ಊರು ಕೊಡುತ್ತೇನೆಂದರೂ ಸ್ವಾಮಿಗಳು ತುಂಗಭದ್ರೆಯ ದಂಡೆಯ ಬರಡು ಮಂಚಾಲೆಯನ್ನೇ, ಇಂದಿನ ಮಂತ್ರಾಲಯವನ್ನೇ, ಕೇಳಿದ್ದೇಕೆ? ಅದು ಪ್ರಹ್ಲಾದ ಯಜ್ಞ ಮಾಡಿದ ನೆಲ. ಪ್ರಹ್ಲಾದನೇ ವ್ಯಾಸರಾಯರಾಗಿ, ಮುಂದೆ ರಾಯರಾಗಿ, ಅಂದರೆ ರಾಘವೇಂದ್ರ ಸ್ವಾಮಿಗಳಾಗಿ, ಬಂದ ಎನ್ನುತ್ತದೆ ನಂಬಿಕೆ. ಹೊಸ ಪವಾಡ ಯಾವುದೇ ಬರಲಿ, ಈ ಅವತಾರದ ಸರಪಳಿಗೆ ಹೊಂದಿದರಷ್ಟೇ ನಿಲ್ಲುತ್ತದೆ.

ಇನ್ನು ಕಾಗದದ ಸಾಕ್ಷಿ. ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, 1904ರಲ್ಲಿ, ಡಬ್ಲ್ಯೂ. ಫ್ರಾನ್ಸಿಸ್ ಬರೆದ ಗೆಜೆಟಿಯರ್ ಮಂಚಾಲೆಯ ದತ್ತಿಯನ್ನು ಮಸೂದ್ ಖಾನನ ದಿವಾನ ವೆಂಕಣ್ಣನ ಹೆಸರಿಗೆ ಹಚ್ಚುತ್ತದೆ. ಇನಾಮು ಕಿತ್ತುಕೊಳ್ಳಲು ಬಂದ ಕಲೆಕ್ಟರ್ ಥಾಮಸ್ ಮನ್ರೋ ಜತೆ ರಾಯರು ಬೃಂದಾವನದಿಂದ ಎದ್ದು ಮಾತಾಡಿದ ಪ್ರಸಂಗವೂ ಅದರಲ್ಲಿದೆ, ಆದರೆ ಜನ ಹೇಳುವ ಕತೆಯಾಗಿ. ಭಕ್ತರು ‘ಇಂಗ್ಲಿಷರೇ ಬರೆದಿದ್ದಾರೆ’ ಎಂದು ಆ ಪುಟ ತೋರಿಸುತ್ತಾರೆ. ಸಂಶಯಿಗಳು ‘ಕತೆಯೆಂದು ಬರೆದಿದ್ದಾರೆ’ ಎಂದು ಅದೇ ಪುಟ ತೋರಿಸುತ್ತಾರೆ. ಇಬ್ಬರೂ ಸರಿ. ಕತೆ ದಾಖಲಾದ ಮಾತ್ರಕ್ಕೆ ಘಟನೆ ದಾಖಲಾದಂತಲ್ಲ.

ಆದರೆ ಎರಡೂ ಪಕ್ಷಕ್ಕೆ ಬಿಡಲಾಗದ್ದೊಂದಿದೆ. ಆದವಾನಿಯ ಜಾಮಿಯಾ ಮಸೀದಿ ಕಟ್ಟಿಸಿದ ಮಸೂದ್ ಖಾನನ ಆಡಳಿತದಲ್ಲೇ ರಾಯರಿಗೆ ನೆಲ ಸಿಕ್ಕಿತು. ಪವಾಡ ಒಪ್ಪದವರೂ ಈ ದತ್ತಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಒಪ್ಪುವವರೂ ನವಾಬನನ್ನು ಬಿಟ್ಟು ಕತೆ ಹೇಳಲಾರರು.