ಒಂದೇ ಮನೆ, ಬೇರೆ ಬೇರೆ ಬಟ್ಟಲು

ಒಂದಕ್ಕಿಂತ ಹೆಚ್ಚು ಸಾಕುಪ್ರಾಣಿಗಳಿರುವ ಮನೆಯಲ್ಲಿ ಬೆಕ್ಕೊಂದು ದಪ್ಪಗಾದರೆ ಅದರ ಹೊಟ್ಟೆಬಾಕತನವನ್ನು ದೂರುವುದು ವಾಡಿಕೆಯಾದರೂ, ಮೂಲ ಕಾರಣ ಬಹುಮಟ್ಟಿಗೆ ಆ ಮನೆಯ ಊಟದ ಏರ್ಪಾಟಿನಲ್ಲೇ ಇರುತ್ತದೆ. ಮೈಸೂರಿನ ಹಳೆಯ ಬಡಾವಣೆಯಾದ ಲಕ್ಷ್ಮೀಪುರಂನಂಥ ಕಡೆ ಈ ಏರ್ಪಾಟು ಒಂದು ಮನೆಗೆ ಸೀಮಿತವಾಗಿಯೂ ಉಳಿಯುವುದಿಲ್ಲ. ಚಾಮರಾಜಪುರಂ, ಕೃಷ್ಣಮೂರ್ತಿಪುರಂಗಳ ನೆರೆಯ ಈ ಬೀದಿಗಳಲ್ಲಿ ಉಳಿದುಕೊಂಡಿರುವ ಹೆಂಚಿನ ಮಾಡು, ಹಿತ್ತಿಲು, ಒಂದಕ್ಕೊಂದು ತಾಗಿದ ಕಾಂಪೌಂಡು ಗೋಡೆಗಳ ಮೇಲೆ ಬೆಕ್ಕು ಸಲೀಸಾಗಿ ಓಡಾಡಿಕೊಂಡಿರುವುದರಿಂದ, ಬೆಳಿಗ್ಗೆ ಸಾಕಿದವರ ಮನೆಯ ಹಾಲು, ಮಧ್ಯಾಹ್ನ ಪಕ್ಕದ ಮನೆಯ ಮೊಸರನ್ನ, ಸಂಜೆ ಮತ್ತೊಂದು ಮನೆಯ ನಾಯಿ ಬಿಟ್ಟ ಊಟ, ಹೀಗೆ ಅದು ದಿನವಿಡೀ ತಿಂದದ್ದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಲೆಕ್ಕ ಇಡಬೇಕಾದ ಕಾರಣ ಬೆಕ್ಕಿನ ಗಾತ್ರದಲ್ಲೇ ಇದೆ. ನಾಲ್ಕು ಕಿಲೊ ತೂಗುವ, ಹೆಚ್ಚಾಗಿ ಮನೆಯೊಳಗೇ ಇರುವ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 240 ಕಿಲೊಕ್ಯಾಲೊರಿ ಶಕ್ತಿ ಸಾಕು. ಅಂಗಡಿಯಲ್ಲಿ ಸಿಗುವ ಒಣ ಆಹಾರದಲ್ಲಿ, ಅಂದರೆ ಕಾಳಿನ ರೂಪದ ಬೆಕ್ಕಿನ ತಿನಿಸಿನಲ್ಲಿ, ಇದು 50ರಿಂದ 60 ಗ್ರಾಂ ಆಗುತ್ತದೆ. ನೂರು ಮಿಲಿಲೀಟರ್ ಎಮ್ಮೆ ಹಾಲಿನಲ್ಲಿ ಹೆಚ್ಚುಕಡಿಮೆ 100 ಕಿಲೊಕ್ಯಾಲೊರಿ ಇರುವುದರಿಂದ, ಪ್ರೀತಿಯಿಂದ ಇಟ್ಟ ಒಂದು ಸಣ್ಣ ಬಟ್ಟಲು ಹಾಲೇ ಅರ್ಧ ದಿನದ ಊಟವಾಗಿಬಿಡುತ್ತದೆ. ಜೊತೆಗೆ, ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಶಕ್ತಿ ಕುಂದಿರುವುದರಿಂದ ಹಲವಕ್ಕೆ ಭೇದಿಯೂ ಆಗುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಶಕ್ತಿಯ ಅಗತ್ಯ ಸುಮಾರು ಕಾಲು ಭಾಗದಷ್ಟು ಇಳಿದು ಹಸಿವು ಮಾತ್ರ ಏರುವುದರಿಂದ, ಆಪರೇಷನ್ ಆದ ಬೆಕ್ಕಿಗೆ ಹಿಂದಿನ ಅಳತೆಯಲ್ಲೇ ಊಟ ಹಾಕುತ್ತ ಹೋದರೆ ಮೈ ಬರುವುದು ಖಂಡಿತ. ನಾಲ್ಕು ಕಿಲೊದ ಜೀವಕ್ಕೆ ಅರ್ಧ ಕಿಲೊ ಏರುವುದೆಂದರೆ ತೂಕದ ಎಂಟನೆಯ ಒಂದು ಪಾಲು ಏರಿದಂತೆ. ಸಕ್ಕರೆ ಕಾಯಿಲೆ, ಕೀಲುನೋವು, ಮೂತ್ರದ ತೊಂದರೆಗಳ ಸಾಧ್ಯತೆ ಸ್ಥೂಲಕಾಯದ ಬೆಕ್ಕುಗಳಲ್ಲಿ ಹೆಚ್ಚು.

ನಾಯಿಯ ತಟ್ಟೆ, ಬೆಕ್ಕಿನ ಬಟ್ಟಲು

ನಾಯಿ ಮತ್ತು ಬೆಕ್ಕು ಒಟ್ಟಿಗಿರುವ ಮನೆಯಲ್ಲಿ ಸಮಸ್ಯೆ ಎರಡೂ ಕಡೆಯಿಂದ ಬರುತ್ತದೆ. ಪ್ರೋಟೀನು, ಕೊಬ್ಬು ಹೆಚ್ಚಿರುವ ಬೆಕ್ಕಿನ ಆಹಾರದ ರುಚಿಗೆ ನಾಯಿ ಮುಗಿಬೀಳುತ್ತದೆ. ಇತ್ತ ನಾಯಿಯ ಆಹಾರ ಬೆಕ್ಕಿನ ಹೊಟ್ಟೆ ತುಂಬಿಸಿದರೂ ಅದರ ದೇಹಕ್ಕೆ ಸಾಲುವುದಿಲ್ಲ. ಬೆಕ್ಕು ಹುಟ್ಟಾ ಮಾಂಸಾಹಾರಿಯಾದ್ದರಿಂದ, ಮಾಂಸ, ಮೀನುಗಳಲ್ಲಿರುವ ಟಾರಿನ್ ಎಂಬ ಪೋಷಕಾಂಶವನ್ನು ತನ್ನ ದೇಹದಲ್ಲಿ ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಹಾಳಾಗುವುದು 1975ರಲ್ಲೂ, ಹೃದಯದ ಸ್ನಾಯು ದುರ್ಬಲವಾಗಿ ಹಿಗ್ಗುವುದು 1987ರಲ್ಲೂ ಅಮೆರಿಕದ ಸಂಶೋಧಕರಿಂದ ಸಾಬೀತಾಯಿತು. ಆದ್ದರಿಂದ ಸಸ್ಯಾಹಾರಿ ಮನೆಗಳಲ್ಲಿ ಮೊಸರನ್ನವನ್ನೇ ನಂಬಿದ ಬೆಕ್ಕು ಹೊರನೋಟಕ್ಕೆ ದುಂಡಗಿದ್ದೂ ಒಳಗೆ ಸೊರಗಿರಬಹುದು. ಅಡುಗೆಮನೆಯೊಳಗೆ ಮಾಂಸ ಸಲ್ಲದು ಎನ್ನುವ ಮನೆಯವರು, ಬೆಕ್ಕಿಗೆಂದೇ ತಯಾರಾದ ಸಂಪೂರ್ಣ ಒಣ ಆಹಾರವನ್ನು ಹಿತ್ತಿಲ ಜಗಲಿಯಲ್ಲಿಟ್ಟು ಮಡಿಯನ್ನೂ ಬೆಕ್ಕಿನ ಆರೋಗ್ಯವನ್ನೂ ಒಟ್ಟಿಗೇ ಕಾಯಬಹುದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಹುಳಿಗಳನ್ನಂತೂ ಹಾಕಲೇಬಾರದು; ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಮಾಡುತ್ತವೆ.

ಜಾಗ, ಹೊತ್ತು, ಅಳತೆ

ಬೆಕ್ಕು ಒಂಟಿಯಾಗಿ ಬೇಟೆಯಾಡಿ, ಇಲಿಯಂಥ ಸಣ್ಣ ಜೀವಿಗಳನ್ನು ದಿನಕ್ಕೆ ಹಲವು ಬಾರಿ ತಿಂದು ಬದುಕುವ ವಂಶದ ಪ್ರಾಣಿ. ಸಾಲಾಗಿ ಬಟ್ಟಲಿಟ್ಟು ಊಟಕ್ಕೆ ಕೂರಿಸುವುದು ಅದಕ್ಕೆ ಒಗ್ಗದ ಪದ್ಧತಿಯಾದ್ದರಿಂದ, ಜೋರಿನ ಬೆಕ್ಕು ಗಬಗಬ ತಿಂದು ಪಕ್ಕದ ಬಟ್ಟಲಿಗೂ ಬಾಯಿ ಹಾಕುತ್ತದೆ, ಅಂಜುಬುರುಕ ಬೆಕ್ಕು ಅರೆಹೊಟ್ಟೆಯಲ್ಲೇ ಎದ್ದು ಹೋಗುತ್ತದೆ. ಪ್ರತಿಯೊಂದಕ್ಕೂ ಇನ್ನೊಂದರ ಕಣ್ಣಿಗೆ ಬೀಳದ ಜಾಗ ಕೊಡುವುದು ಇದಕ್ಕೆ ಮೊದಲ ಪರಿಹಾರ: ಒಂದಕ್ಕೆ ಕಿಟಕಿಯ ಕಟ್ಟೆ, ಇನ್ನೊಂದಕ್ಕೆ ಬಾಗಿಲು ಮುಚ್ಚಿದ ಕೋಣೆ, ನಾಯಿ ಇರುವಲ್ಲಿ ಅದು ಹತ್ತಲಾಗದ ಬೀರುವಿನ ಮೇಲ್ಭಾಗ. ದಿನದ ಪಾಲನ್ನು ಬೆಳಿಗ್ಗೆಯೇ ತೂಗಿ ಪ್ರತ್ಯೇಕ ಡಬ್ಬಿಗಳಲ್ಲಿಟ್ಟು, ಮೂರು ನಾಲ್ಕು ಹೊತ್ತಿಗೆ ಹಂಚಿ, ಅರ್ಧ ಗಂಟೆಯ ನಂತರ ಉಳಿದದ್ದನ್ನು ಎತ್ತಿಟ್ಟರೆ ಯಾವುದು ಎಷ್ಟು ತಿಂದಿತೆಂಬುದು ಸ್ಪಷ್ಟವಾಗುತ್ತದೆ. ಬೆಕ್ಕಿನ ಮೈಯೊಳಗಿನ ಮೈಕ್ರೋಚಿಪ್ ಗುರುತಿಸಿ ಅದಕ್ಕಷ್ಟೇ ಮುಚ್ಚಳ ತೆರೆಯುವ ಬಟ್ಟಲುಗಳೂ ಇವೆಯಾದರೂ, ಒಂದು ಅಡುಗೆಮನೆ ತಕ್ಕಡಿ ಮತ್ತು ಮನೆಮಂದಿಯ ಒಮ್ಮತ ಇದ್ದರೆ ಕೆಲಸ ಸಾಗುತ್ತದೆ.

ಬಟ್ಟಲು ಬೇರೆ ಮಾಡುವುದು ದಪ್ಪ ಬೆಕ್ಕಿನ ಹಿತಕ್ಕೆ ಮಾತ್ರವೆಂದು ತಿಳಿಯುವುದು ಸರಿಯಲ್ಲ. ಎಲ್ಲಕ್ಕೂ ಒಂದೇ ತಟ್ಟೆಯಿದ್ದ ಮನೆಯಲ್ಲಿ ಯಾವುದೋ ಒಂದು ಊಟ ಬಿಟ್ಟಿದ್ದರೂ ತಟ್ಟೆ ಖಾಲಿಯಾಗುತ್ತಲೇ ಇರುವುದರಿಂದ ಆ ಸಂಗತಿ ಯಾರ ಗಮನಕ್ಕೂ ಬರುವುದಿಲ್ಲ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಯಕೃತ್ತಿಗೆ ನುಗ್ಗಿ ಶೇಖರವಾಗುವ ಹೆಪಾಟಿಕ್ ಲಿಪಿಡೋಸಿಸ್ ಎಂಬ ಪ್ರಾಣಾಪಾಯದ ಸ್ಥಿತಿ ಉಂಟಾಗಬಹುದು. ತೂಕ ಇಳಿಸಲೆಂದು ಉಪವಾಸ ಕೆಡವಬಾರದೆನ್ನುವುದೂ ಇದೇ ಕಾರಣಕ್ಕೆ. ವಾರಕ್ಕೆ ತೂಕದ ಶೇ 0.5ರಿಂದ 1ರಷ್ಟು, ಪಶುವೈದ್ಯರ ನಿಗಾದಲ್ಲಿ, ನಿಧಾನವಾಗಿ ಇಳಿಸುವುದು ಕ್ಷೇಮ.

ಪಶುವೈದ್ಯರು ಬಳಸುವ ದೇಹಸ್ಥಿತಿ ಅಂಕವೆಂಬ ಒಂದರಿಂದ ಒಂಬತ್ತರ ಮಾಪನದಲ್ಲಿ ಐದು ಎಂಬುದು ಹದವಾದ ಮೈಕಟ್ಟು. ಪಕ್ಕೆಯ ಮೇಲೆ ಬೆರಳಾಡಿಸಿದಾಗ ಎಲುಬುಗಳು ಅಂಗೈಯ ಹಿಂಬದಿಯ ಮೂಳೆಗಳಂತೆ ತೆಳುಪದರದಡಿ ತಾಗಬೇಕು, ಮೇಲಿನಿಂದ ನೋಡಿದರೆ ನಡು ಕಾಣಬೇಕು. ಹಿಂಗಾಲುಗಳ ನಡುವೆ ಜೋಲುವ ಸಡಿಲ ಚರ್ಮ ಮಾತ್ರ ಬೆಕ್ಕಿಗೆ ಸಹಜವಾದದ್ದು, ಅದೊಂದನ್ನೇ ಬೊಜ್ಜೆಂದು ಎಣಿಸಬೇಕಾಗಿಲ್ಲ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ಎತ್ತಿಕೊಂಡವರ ತೂಕವನ್ನು ಕಳೆದರೆ ಅದರ ತೂಕ ಅಂದಾಜಾಗುತ್ತದೆ. ತಿಂಗಳಿಗೊಮ್ಮೆ ಇದನ್ನು ಬರೆದಿಡುವ ಮನೆಯಲ್ಲಿ ಏರಿಕೆಯಷ್ಟೇ ಅಲ್ಲ, ಮೂತ್ರಪಿಂಡ, ಥೈರಾಯ್ಡು, ಹಲ್ಲಿನ ಕಾಯಿಲೆಗಳ ಸೂಚನೆಯಾದ ಇಳಿಕೆಯೂ ಬೇಗ ಗೊತ್ತಾಗುತ್ತದೆ.

ಲಕ್ಷ್ಮೀಪುರಂನಂಥ ಬಡಾವಣೆಯಲ್ಲಿ ಈ ಶಿಸ್ತು ಕಾಂಪೌಂಡಿನಾಚೆಗೂ ತಲುಪಬೇಕು. ಬೆಕ್ಕಿಗೆ ಎಲ್ಲೆಲ್ಲಿ ಊಟ ಸಿಗುತ್ತಿದೆಯೆಂದು ವಿಚಾರಿಸಿ, ಅದರ ಪಾಲಿನಿಂದಲೇ ಒಂದು ಹಿಡಿ ಕಾಳನ್ನು ಡಬ್ಬಿಯಲ್ಲಿ ಹಾಕಿ ನೆರೆಯವರಿಗೆ ಕೊಟ್ಟರೆ, ಉಣಿಸುವ ಅವರ ಸಂತೋಷಕ್ಕೂ ಭಂಗವಿಲ್ಲ, ಅಳತೆಯೂ ಮೀರುವುದಿಲ್ಲ. ಬೀದಿಯ ಹಲವು ಕೈಗಳ ಅಕ್ಕರೆಯಲ್ಲಿ ಬೆಳೆಯುವ ಪ್ರಾಣಿಯ ಆರೋಗ್ಯಕ್ಕೆ ಆ ಎಲ್ಲ ಕೈಗಳೂ ಹೊಣೆಯಾಗಬೇಕು. ತಿನ್ನುವುದಷ್ಟೇ ಬೆಕ್ಕಿನ ಕೈಯಲ್ಲಿದೆ, ಎಷ್ಟೆಂಬ ತೀರ್ಮಾನ ಮನುಷ್ಯರದು.