ನಡುಗಡಲಿನಲ್ಲಿ ನೆಟ್ಟಿನ ಲೆಕ್ಕ

ಕೃಷ್ಣೆ ಘಟಪ್ರಭೆಯರ ಸೀಮೆಯ ಜನಕ್ಕೆ ನೀರು ಹೊಸದಲ್ಲ, ದೋಣಿಯೂ ಹೊಸದಲ್ಲ. ರಬಕವಿಯ ದಂಡೆಯಿಂದ ಮಹಿಷವಾಡಗಿಯ ದಂಡೆಗೆ ದೋಣಿಯಲ್ಲಿ ದಾಟಿದವರು ಇಲ್ಲಿ ಅಸಂಖ್ಯ. ಆಲಮಟ್ಟಿಯ ಹಿನ್ನೀರು ಬೀಳಗಿ ಸೀಮೆಯ ಹೊಲಮನೆಗಳನ್ನು ನುಂಗುತ್ತ ಬಂದುದನ್ನು ದಿಣ್ಣೆಯ ಮೇಲೆ ನಿಂತು ಕಣ್ಣಾರೆ ಕಂಡವರೂ ಇದ್ದಾರೆ. ಆದರೆ ಹೊಳೆಗೆ ಎರಡು ದಂಡೆಗಳುಂಟು. ಒಂದು ದಂಡೆಯಲ್ಲಿ ನಿಂತು ಕೂಗಿದರೆ ಇನ್ನೊಂದು ದಂಡೆಯವರು ಓಗೊಡುತ್ತಾರೆ. ಕಡಲಿನ ಪರಿ ಹಾಗಲ್ಲ. ಅಲ್ಲಿ ಕೂಗಿಗೂ ದರವುಂಟು, ಓಗೊಡುವುದಕ್ಕೂ ದರವುಂಟು.

ಕಡಲ ವಿಹಾರವೆಂಬುದು ಒಂದು ಕಾಲಕ್ಕೆ ವಿಲಾಯತಿಯ ಶ್ರೀಮಂತರ ಸೊತ್ತಾಗಿತ್ತು. ಈಗ ಅದು ಜಮಖಂಡಿಯ ನಿವೃತ್ತ ಶಿಕ್ಷಕರ, ಮುಧೋಳದ ಕಬ್ಬಿನ ರೈತರ, ಬನಹಟ್ಟಿಯ ಸೀರೆ ವ್ಯಾಪಾರಿಗಳ ಕೈಗೂ ಎಟುಕುವಂತಾಗಿದೆ. 2021ರ ಸೆಪ್ಟೆಂಬರಿನಿಂದ ಕಾರ್ಡೇಲಿಯಾ ಎಂಬ ಕಂಪನಿಯ ‘ಎಂಪ್ರೆಸ್’ ನೌಕೆ ಮುಂಬಯಿಯಿಂದ ಗೋವೆಗೂ ಲಕ್ಷದ್ವೀಪಕ್ಕೂ ಯಾನಗಳನ್ನು ಆರಂಭಿಸಿತು. 2022ರ ಜೂನಿನಿಂದ ಸಿಂಗಪುರದ ಬಂದರಿನಿಂದ ‘ಗೆಂಟಿಂಗ್ ಡ್ರೀಮ್’ ಹೊರಡತೊಡಗಿತು. ಸಿಂಗಪುರ ನೋಡಲು ಹೋದವರು ಅದರ ಜೊತೆಗೆ ಎರಡು ಮೂರು ರಾತ್ರಿ ಸಮುದ್ರವನ್ನೂ ಕಂಡು ಬರಬಹುದು. ಊಟ, ಉಪಾಹಾರ, ಮಲಗುವ ಕೋಣೆ, ರಾತ್ರಿಯ ಆಟಪಾಟ ಬಹುಮಟ್ಟಿಗೆ ಟಿಕೀಟಿನಲ್ಲಿಯೇ ಅಡಕವಾಗಿರುತ್ತವೆ. ಅಡಕವಾಗಿರದ ವಸ್ತು ಸಾಮಾನ್ಯವಾಗಿ ಒಂದೇ: ನೆಟ್ಟು.

ನಾಲ್ಕು ದಿನ ಫೋನನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದರಾಯಿತಲ್ಲ, ಎಂದು ಉಪದೇಶ ಮಾಡುವವರಿದ್ದಾರೆ. ಉಪದೇಶ ಸುಲಭ. ವಿದ್ಯುತ್ ಮಗ್ಗಗಳನ್ನು ಮಗನ ಕೈಗೆ ಒಪ್ಪಿಸಿ ಬಂದವನಿಗೆ ನೂಲಿನ ದರ ಬೇಕು. ಕಬ್ಬು ಕಡಿಯುವ ಗ್ಯಾಂಗು ಈ ವಾರ ಬಂದೀತೋ ಮುಂದಿನ ವಾರವೋ ತಿಳಿಯದ ರೈತನಿಗೆ ಸುದ್ದಿ ಬೇಕು. ರಕ್ತದೊತ್ತಡದ ತಾಯಿಯನ್ನು ತಂಗಿಯ ಮನೆಯಲ್ಲಿ ಬಿಟ್ಟು ಬಂದವಳಿಗಂತೂ ಮುಂಜಾನೆ ಸಂಜೆ “ಅವ್ವ ಉಂಡಳೇನ? ಗುಳಿಗಿ ತಗೊಂಡಳೇನ?” ಎಂದು ಕೇಳದಿದ್ದರೆ ಸಮುದ್ರದ ಸೊಬಗೇ ಕಣ್ಣಿಗೆ ಬೀಳದು. ಆದುದರಿಂದ ನೆಟ್ಟು ಬೇಕೇ ಬೇಡವೇ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಎಷ್ಟು ಬೇಕು, ಎಲ್ಲಿ ಬೇಕು, ಅದಕ್ಕೆ ಎಷ್ಟು ಕೊಡಬೇಕು ಎಂಬುದೇ ಪ್ರಶ್ನೆ.

ಈ ಲೆಕ್ಕ ನಮ್ಮವರಿಗೆ ಹೊಸದೂ ಅಲ್ಲ. ತಂತಿಯ ಕಾಲದಲ್ಲಿ ಶಬ್ದಕ್ಕಿಷ್ಟು ಎಂದು ದರವಿತ್ತು. ‘ಪ್ರೀತಿಯ’, ‘ಪೂಜ್ಯ’ ಎಂಬ ವಿಶೇಷಣಗಳೆಲ್ಲ ತಂತಿ ಕಚೇರಿಯ ಹೊಸ್ತಿಲಾಚೆಯೇ ಉಳಿಯುತ್ತಿದ್ದುವು. ಮದುವೆಯ ಶುಭಾಶಯಕ್ಕಂತೂ ಇಲಾಖೆಯವರು ಸಿದ್ಧ ವಾಕ್ಯಗಳನ್ನು ಮಾಡಿ ಒಂದೊಂದಕ್ಕೆ ಒಂದೊಂದು ಅಂಕೆ ಕೊಟ್ಟಿದ್ದರು. ತಂತಿಯ ಮೇಲೆ ಓಡುತ್ತಿದ್ದುದು ಅಂಕೆ ಮಾತ್ರ. ಮುಟ್ಟಿದ ಊರಿನಲ್ಲಿ ಅದು ಮತ್ತೆ ವಾಕ್ಯವಾಗಿ ಅರಳುತ್ತಿತ್ತು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತುಹೋಯಿತು. ಅದಕ್ಕೂ ಮೊದಲು ಎಸ್‌ಟಿಡಿ ಬೂತುಗಳ ಕಾಲ ಬಂದುಹೋಗಿತ್ತು. ರಾತ್ರಿ ಹೊತ್ತೇರಿದಂತೆ ದರವಿಳಿದು ಕಾಲುಭಾಗಕ್ಕೆ ಬರುವುದನ್ನು ಕಾದು, ಮುಂಬಯಿಯ ಪೇಠೆಗೆ ಮಾತನಾಡಲು ಜನ ಸಾಲು ನಿಲ್ಲುತ್ತಿದ್ದರು. ಮೊಬೈಲು ಬಂದ ಹೊಸತರಲ್ಲಿ, 2003ರ ಮೇ ತಿಂಗಳಿನವರೆಗೆ, ಬಂದ ಕರೆಗೂ ಹಣ ತೆರಬೇಕಾಗಿತ್ತು. ಒಮ್ಮೆ ಗಂಟೆ ಬಾರಿಸಿ ಕೆಳಗಿಟ್ಟರೆ ‘ಮುಟ್ಟಿದೆ’, ಎರಡು ಸಲವಾದರೆ ‘ಬಸ್‌ಸ್ಟ್ಯಾಂಡಿಗೆ ಬಾ’ ಎಂಬ ಮಿಸ್ಡ್ ಕಾಲಿನ ವ್ಯಾಕರಣವನ್ನು ಯಾವ ಪಂಡಿತನೂ ಬರೆಯಲಿಲ್ಲ, ಆದರೂ ನಾಡೆಲ್ಲ ಅದನ್ನು ತಪ್ಪಿಲ್ಲದೆ ಆಡಿತು.

ಹಡಗಿನ ಮೇಲಿನ ಸುದ್ದಿಗೆ ಮೊದಲಿನಿಂದಲೂ ದುಬಾರಿ ಬೆಲೆಯೇ. 1912ರಲ್ಲಿ ಟೈಟಾನಿಕ್ ನೌಕೆಯ ಪ್ರಯಾಣಿಕರು ಮಾರ್ಕೋನಿ ಕಂಪನಿಯ ನಿಸ್ತಂತು ಯಂತ್ರದಿಂದ ಮನೆಗೆ ಸಂದೇಶ ಕಳುಹಬಹುದಾಗಿತ್ತು: ಮೊದಲ 10 ಶಬ್ದಗಳಿಗೆ ಹನ್ನೆರಡೂವರೆ ಶಿಲಿಂಗು, ಮುಂದಿನ ಪ್ರತಿ ಶಬ್ದಕ್ಕೆ 9 ಪೆನ್ಸು. ಅಷ್ಟು ದರವಿದ್ದರೂ ಸಂದೇಶಗಳ ರಾಶಿಯೇ ಬಿದ್ದಿತ್ತು. ಏಪ್ರಿಲ್ 14ರ ರಾತ್ರಿ ಆ ರಾಶಿಯನ್ನು ಕರಗಿಸುವುದರಲ್ಲಿ ಮುಳುಗಿದ್ದ ನಿಸ್ತಂತು ನಿರ್ವಾಹಕನು, ಸಮೀಪದ ಇನ್ನೊಂದು ಹಡಗು ಹಿಮಗಡ್ಡೆಯ ಎಚ್ಚರಿಕೆ ಕೊಡಬಂದಾಗ ಕೆಲಸಕ್ಕೆ ಅಡ್ಡಬರಬೇಡವೆಂದು ಗದರಿ ಸುಮ್ಮನಾಗಿಸಿದನೆಂಬುದು ಇತಿಹಾಸ.

ಇಂದು ನಿಸ್ತಂತುವಿನ ಜಾಗದಲ್ಲಿ ಉಪಗ್ರಹ ಬಂದಿದೆ. ನೆಲದ ಮೇಲೆ ನೆಟ್ಟು ಅಗ್ಗವಾಗಿರುವುದಕ್ಕೆ ಕಾರಣ ನೆಲದಡಿಯ ತಂತುಗಳು ಮತ್ತು ಊರೂರಿನ ಗೋಪುರಗಳು. ಸಮುದ್ರದಲ್ಲಿ ಗೋಪುರವನ್ನು ಎಲ್ಲಿ ನೆಡುವುದು? ಹಡಗು ಆಕಾಶದ ಕಡೆಗೇ ಮುಖ ಮಾಡಬೇಕು. ಹಳೆಯ ಬಗೆಯ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿ ನಿಂತಂತೆ ತೋರುತ್ತವೆ. ಒಂದು ಪ್ರಶ್ನೆ ಅಲ್ಲಿಗೆ ಏರಿ ಇಳಿದು, ಅದರ ಉತ್ತರ ಮತ್ತೆ ಏರಿ ಇಳಿಯುವಷ್ಟರಲ್ಲಿ ಅರ್ಧ ಸೆಕೆಂಡು ಕಳೆಯುತ್ತದೆ. ಫೋನಿನಲ್ಲಿ ಇಬ್ಬರೂ ಒಮ್ಮೆಗೇ ಮಾತನಾಡಿ ಇಬ್ಬರೂ ಒಮ್ಮೆಗೇ ಸುಮ್ಮನಾಗುವ ಪೇಚು ಇದರಿಂದಲೇ. ಸ್ಟಾರ್‌ಲಿಂಕಿನ ಉಪಗ್ರಹಗಳು ಸುಮಾರು 550 ಕಿಲೋಮೀಟರು ಎತ್ತರದಲ್ಲಿಯೇ ತಿರುಗುವುದರಿಂದ ಈ ತಡ ಬಹಳ ಕಡಿಮೆ. 2022ರ ಆಗಸ್ಟಿನಲ್ಲಿ ರಾಯಲ್ ಕೆರಿಬಿಯನ್ ಕಂಪನಿ ತನ್ನ ನೌಕೆಗಳಿಗೆ ಇದನ್ನು ಅಳವಡಿಸುವುದಾಗಿ ಸಾರಿತು, ಇತರರೂ ಹಿಂಬಾಲಿಸಿದರು. ವೇಗ ಹೆಚ್ಚಿತು. ದರ ಮಾತ್ರ ಆ ಪ್ರಮಾಣದಲ್ಲಿ ಇಳಿಯಲಿಲ್ಲ. ನಡುಗಡಲಿನಲ್ಲಿ ಅಂಗಡಿ ಒಂದೇ ಇರುವಾಗ ಇಳಿಯಬೇಕಾದ ಅವಸರವಾದರೂ ಏನಿದೆ?

ದೊಡ್ಡ ವಿದೇಶೀ ನೌಕೆಗಳಲ್ಲಿ ಒಂದು ಫೋನಿಗೆ ದಿನಕ್ಕೆ ಸುಮಾರು 15ರಿಂದ 30 ಡಾಲರು ಬೀಳುತ್ತದೆ. ಗಂಡಹೆಂಡಿರು ಎರಡು ಫೋನುಗಳಿಗೆ 20 ಡಾಲರಿನಂತೆ ಆರು ದಿನಕ್ಕೆ ಕೊಂಡರೆ 240 ಡಾಲರು, ಎಂದರೆ ಇಪ್ಪತ್ತು ಸಾವಿರ ರೂಪಾಯಿಗೂ ಮಿಕ್ಕಿತು. ಊರಿನಲ್ಲಿ ಅದೇ ಫೋನು ಅಷ್ಟು ಹಣದಲ್ಲಿ ವರ್ಷಗಟ್ಟಲೆ ನಡೆಯುತ್ತದೆ.

ಆದರೆ ಇದು ಕಣ್ಣಿಗೆ ಕಾಣುವ ಖರ್ಚು, ತಿಳಿದು ಕೊಟ್ಟದ್ದು. ಭಯಪಡಬೇಕಾದುದು ಕಣ್ಣಿಗೆ ಕಾಣದ ಖರ್ಚಿಗೆ. ಅದರ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನೌಕೆ ಮುಂಬಯಿಯ ಬಂದರನ್ನು ಬಿಟ್ಟ ಮೇಲೆ ಸ್ವಲ್ಪ ಹೊತ್ತು ದಂಡೆಯ ಗೋಪುರಗಳೇ ಫೋನನ್ನು ನಡೆಸುತ್ತವೆ. ಅಲ್ಲಿಯವರೆಗೆ ಊರಿನ ದರವೇ. ಹಳೆಯ ಜಿಎಸ್‌ಎಂ ಪದ್ಧತಿಯ ಗೋಪುರಕ್ಕೆ 35 ಕಿಲೋಮೀಟರಿನ ಮಿತಿಯುಂಟು. ವಾಸ್ತವದಲ್ಲಿ ಅದಕ್ಕೂ ಮೊದಲೇ ಸಂಕೇತ ಸೊರಗಿಹೋಗುತ್ತದೆ. ದೇಶದ ಸಮುದ್ರ ಸೀಮೆ ದಂಡೆಯಿಂದ 12 ನಾವಿಕ ಮೈಲಿ, ಎಂದರೆ ಸುಮಾರು 22 ಕಿಲೋಮೀಟರು. ಅದರಾಚೆಗೆ ಅನೇಕ ನೌಕೆಗಳು ತಮ್ಮದೇ ಆದ ಪುಟ್ಟ ಮೊಬೈಲು ಗೋಪುರವನ್ನು ಹಡಗಿನೊಳಗೇ ಹೊತ್ತಿಸುತ್ತವೆ. ದಂಡೆಯ ಸಂಕೇತ ಸಿಗದೆ ಕಂಗೆಟ್ಟ ಫೋನು, ಹಸಿದ ಕರು ಸಿಕ್ಕ ಹಸುವಿಗೆ ಬಾಯಿ ಹಾಕುವಂತೆ, ಈ ಹಡಗಿನ ಗೋಪುರಕ್ಕೆ ತಾನಾಗಿಯೇ ಅಂಟಿಕೊಳ್ಳುತ್ತದೆ. ಅದು ಉಪಗ್ರಹದ ಮೂಲಕ ನಡೆಯುವ ಕಡಲಿನ ರೋಮಿಂಗು. ಅದರ ದರ ಸಿಂಗಪುರದ ದರವೂ ಅಲ್ಲ, ದುಬಾಯಿಯ ದರವೂ ಅಲ್ಲ. ‘ವಿದೇಶ ಪ್ಯಾಕು ಹಾಕಿಸಿದ್ದೇನೆ’ ಎಂದು ನಿಶ್ಚಿಂತನಾಗಿರುವವನ ಪ್ಯಾಕಿನೊಳಗೆ ಅದು ಸಾಮಾನ್ಯವಾಗಿ ಸೇರಿರುವುದೂ ಇಲ್ಲ. ಜೇಬಿನಲ್ಲಿ ನಿದ್ರಿಸುತ್ತಿರುವ ಫೋನು ಆಗ ಹೊಸ ಆವೃತ್ತಿಗಳನ್ನು ಇಳಿಸಿಕೊಳ್ಳುತ್ತದೆ. ಹಗಲು ತೆಗೆದ ಚಿತ್ರಗಳನ್ನೆಲ್ಲ ದೂರದ ಉಗ್ರಾಣಕ್ಕೆ ಏರಿಸುತ್ತದೆ. ಬಂಧುಬಳಗದ ಗುಂಪಿನಲ್ಲಿ ಬಂದ ಶುಭೋದಯದ ವೀಡಿಯೋಗಳನ್ನು ಒಂದನ್ನೂ ಬಿಡದೆ ತರಿಸಿಕೊಳ್ಳುತ್ತದೆ. ಒಡೆಯನು ಮೇಲಿನ ಅಟ್ಟದಲ್ಲಿ ಸೂರ್ಯಾಸ್ತ ನೋಡುತ್ತಿರುತ್ತಾನೆ. ಪೋಸ್ಟ್‌ಪೇಡ್ ಸಂಪರ್ಕವಾದರೆ ಬಿಲ್ಲು ಊರಿಗೆ ಮರಳಿದ ಮೇಲೆ ಬರುತ್ತದೆ.

ಇದಕ್ಕೆ ಮದ್ದು ಅತಿ ಸುಲಭ, ಬಿಡಿಕಾಸಿನ ಖರ್ಚಿಲ್ಲದ್ದು. ಬಂದರು ಬಿಡುವ ಮುನ್ನ ಫೋನಿನ ‘ವಿಮಾನ’ದ ಗುರುತನ್ನು ಒತ್ತಬೇಕು; ಆಮೇಲೆ ವೈಫೈಯನ್ನು ಮಾತ್ರ ಬೇರೆಯಾಗಿ ಹೊತ್ತಿಸಬೇಕು. ಹೆಸರು ವಿಮಾನದ್ದಾದರೂ ಕೆಲಸ ಹಡಗಿನಲ್ಲಿಯೂ ಅದೇ: ಮೊಬೈಲು ಸಂಪರ್ಕ ಸತ್ತು ವೈಫೈ ಬದುಕಿರುತ್ತದೆ. ಡಾಟಾ ರೋಮಿಂಗಿನ ಗುಂಡಿಯನ್ನು ಮನೆ ಬಿಡುವಾಗಲೇ ಆರಿಸಿರಬೇಕು. ಈ ಎರಡನ್ನು ಮಾಡಿದವನಿಗೆ ಕಾಣದ ಬಿಲ್ಲು ಬರಲಾರದು. ಉಳಿದ ಉಪಾಯಗಳೆಲ್ಲ ಕಾಣುವ ಬಿಲ್ಲನ್ನು ಕುಗ್ಗಿಸುವುದಕ್ಕೆ.

ಅವುಗಳಲ್ಲಿ ಮೊದಲನೆಯದು, ಬೇಕೆಂದು ಖಚಿತವಾಗಿದ್ದರೆ ನೌಕೆ ಏರುವ ಮೊದಲೇ ಕಂಪನಿಯಿಂದ ಕೊಳ್ಳುವುದು. ಹಲವು ಕಂಪನಿಗಳು ಮುಂಗಡಕ್ಕೆ ರಿಯಾಯಿತಿ ಕೊಡುತ್ತವೆ; ಹಡಗಿನೊಳಗೆ ಅದೇ ವಸ್ತು ಹೆಚ್ಚಿನ ಬೆಲೆಗೆ ಮಾರಾಟಕ್ಕಿರುತ್ತದೆ. ಎರಡನೆಯದು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ವಂತಿಗೆ ಹಾಕಿ, ತಮ್ಮ ಮೈಬೆವರು ಸುರಿಸಿ, 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿ ಅದನ್ನು ‘ಶ್ರಮಬಿಂದು ಸಾಗರ’ವೆಂದು ಕರೆದರು. ಆ ವಂತಿಗೆಯ ಬುದ್ಧಿಯನ್ನು ಇಲ್ಲಿಯೂ ಓಡಿಸಬಹುದು. ಅನೇಕ ನೌಕೆಗಳಲ್ಲಿ ಒಂದು ಪ್ಯಾಕು ಒಮ್ಮೆಗೆ ಒಂದೇ ಫೋನಿನಲ್ಲಿ ನಡೆಯುತ್ತದೆ, ಆದರೆ ಒಂದರಿಂದ ಹೊರಬಂದು ಇನ್ನೊಂದರಲ್ಲಿ ಒಳಹೊಗಲು ಅಡ್ಡಿಯಿಲ್ಲ. ಆರು ಜನರ ತಂಡಕ್ಕೆ ಆರು ಪ್ಯಾಕುಗಳು ಏಕೆ? ಮುಂಜಾನೆಯ ಅರ್ಧ ತಾಸು ಒಬ್ಬರದು, ಊಟದ ನಂತರ ಇನ್ನೊಬ್ಬರದು. ಇಂಥ ಅನುಕೂಲವಿದೆಯೇ ಎಂದು ನಿಯಮ ಓದಿ ಕೇಳಿಕೊಂಡೇ ಹಣ ಕೊಡಬೇಕು. ನಿಮಿಷಕ್ಕಿಷ್ಟು ಎಂಬ ಬಗೆಯದಾದರೆ ಕೆಲಸ ಮುಗಿದೊಡನೆ ಹೊರಬರಬೇಕು. ಪರದೆ ಆರಿಸಿದ ಮಾತ್ರಕ್ಕೆ ಗಡಿಯಾರ ನಿಲ್ಲುವುದಿಲ್ಲ.

ಸಂದೇಶಕ್ಕಷ್ಟೇ ಸೀಮಿತವಾದ ಅಗ್ಗದ ಪ್ಯಾಕು, ಸಿನಿಮಾ ನೋಡಬಹುದಾದ ದುಬಾರಿ ಪ್ಯಾಕು ಎಂದು ಎರಡು ತರಗತಿಗಳು ಅನೇಕ ಕಡೆ ಇವೆ. ಮೊದಲನೆಯದು ಸಾಕು. ಯಾಕೆಂಬುದನ್ನು ಅಕ್ಷರದ ಲೆಕ್ಕವೇ ಹೇಳುತ್ತದೆ. ಗಣಕದಲ್ಲಿ ಕನ್ನಡದ ‘ಕ’ ಎಂಬುದಕ್ಕೆ 3 ಬೈಟು ತಗಲುತ್ತದೆ. ‘ಕಾ’ ಎಂದರೆ 6. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18. (ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟು, ಕಾಗುಣಿತದ ಶ್ರೀಮಂತಿಕೆಗೆ ಇಷ್ಟು ತೆರಿಗೆ ಇರಲಿ.) ಮನೆಗೆ ಬರೆಯುವ ಒಂದು ಸಣ್ಣ ಓಲೆ 300 ಬೈಟು ಎನ್ನೋಣ. ಫೋನಿನಿಂದ ತೆಗೆದ ಒಂದು ಛಾಯಾಚಿತ್ರ ಸುಮಾರು 3 ಮೆಗಾಬೈಟು, ಎಂದರೆ ಅಂಥ ಹತ್ತು ಸಾವಿರ ಓಲೆಗಳು. ಸ್ಪಷ್ಟವಾದ ವೀಡಿಯೋವನ್ನು ಒಂದು ತಾಸು ನೋಡಿದರೆ ಸುಮಾರು 3 ಗಿಗಾಬೈಟು, ಎಂದರೆ ಅಂಥ ಸಾವಿರ ಚಿತ್ರಗಳು. ಮುಧೋಳದ ಕವಿ ರನ್ನನ ಗದಾಯುದ್ಧವನ್ನು ಹತ್ತು ಆಶ್ವಾಸಗಳ ಸಹಿತ ಆ ಒಂದು ಛಾಯಾಚಿತ್ರದ ಜಾಗದಲ್ಲಿ ಇಟ್ಟರೆ ಇನ್ನೂ ಜಾಗ ಮಿಗುತ್ತದೆ. ಮಾತು ಅಗ್ಗ, ನೋಟ ದುಬಾರಿ. ಓದಲು ಬಾರದ ತಾಯಿಗೆ ಒಂದು ನಿಮಿಷದ ಧ್ವನಿಸಂದೇಶ ಕಳುಹಿದರೂ ಅದು ಚಿತ್ರದ ಹತ್ತರಲ್ಲೊಂದು ಪಾಲಿನಷ್ಟೂ ಆಗದು. ಮಗಳ ದನಿ ಕೇಳಿದಂತೆಯೂ ಆಯಿತು.

ಇದಕ್ಕಾಗಿ ಮನೆಯಲ್ಲಿಯೇ ಕೆಲವು ಸಿದ್ಧತೆಗಳಾಗಬೇಕು. ಚಿತ್ರ, ವೀಡಿಯೋಗಳು ತಾವಾಗಿ ಇಳಿಯುವ ಏರ್ಪಾಡನ್ನು ವಾಟ್ಸಾಪಿನಲ್ಲಿ ಮುಚ್ಚುವುದು, ಚಿತ್ರಗಳ ಸ್ವಯಂ ಸಂಗ್ರಹವನ್ನು ತಡೆಯುವುದು, ಬೇಕಾದ ಹಾಡು, ಪುಸ್ತಕ, ನಕಾಶೆ, ಟಿಕೀಟಿನ ಪ್ರತಿಗಳನ್ನು ಊರಿನ ಅಗ್ಗದ ನೆಟ್ಟಿನಲ್ಲಿ ತುಂಬಿಸಿಕೊಳ್ಳುವುದು. ಹಡಗಿನದೇ ಆದ ಆ್ಯಪೊಂದಿದ್ದರೆ ಅದನ್ನೂ ಮೊದಲೇ ಇಳಿಸಿಕೊಂಡಿರಬೇಕು. ಊಟದ ವೇಳೆ, ಆಟದ ವೇಳೆಗಳನ್ನು ಅದು ಬಹುತೇಕ ನೌಕೆಗಳಲ್ಲಿ ಪ್ಯಾಕಿಲ್ಲದೆಯೂ ತೋರಿಸುತ್ತದೆ.

ಒಂದು ತೊಡಕನ್ನು ಮಾತ್ರ ಬಹಳ ಜನ ಮುಂದಾಗಿ ಯೋಚಿಸುವುದಿಲ್ಲ. ಬ್ಯಾಂಕಿನ ಓಟಿಪಿ ಬರುವುದು ಎಸ್ಸೆಮ್ಮೆಸ್ಸಿನಲ್ಲಿ. ವಿಮಾನದ ಗುರುತು ಒತ್ತಿದ ಫೋನಿಗೆ ಎಸ್ಸೆಮ್ಮೆಸ್ಸು ಬಾರದು. ನೂಲಿನ ಸಾಹುಕಾರನಿಗೆ ಕೊಡಬೇಕಾದ ಹಣ, ಸಾಲದ ಕಂತು, ಮಗನ ಕಾಲೇಜಿನ ಶುಲ್ಕ, ಇವುಗಳ ಕೊನೆಯ ದಿನ ಯಾನದ ನಡುವೆ ಬಿದ್ದರೆ ನೆಟ್ಟು ಕೈಯಲ್ಲಿದ್ದೂ ಹಣ ಕದಲದು. ಓಟಿಪಿಗಾಗಿ ವಿಮಾನದ ಗುರುತನ್ನು ಒಂದೇ ಕ್ಷಣ ತೆಗೆಯೋಣವೆಂದು ಹೊರಟವನು ಆ ಹಡಗಿನ ಗೋಪುರದ ಬಾಯಿಗೇ ಬೀಳುತ್ತಾನೆ. ಆದುದರಿಂದ ಹೊರಡುವ ಮುನ್ನ ಅಂಥ ಬಾಕಿಗಳನ್ನು ತೀರಿಸಿ, ನಂಬಿಕೆಯ ಒಬ್ಬರಿಗೆ ವ್ಯವಹಾರ ಒಪ್ಪಿಸಿ ಬರುವುದು ಲೇಸು. ಮನೆಯವರ ಬಳಿ ನೌಕಾ ಕಂಪನಿಯ ತುರ್ತು ದೂರವಾಣಿಯ ಅಂಕೆಯೂ ಕೋಣೆಯ ಅಂಕೆಯೂ ಬರೆದಿಟ್ಟಿರಬೇಕು. ಅವಘಡದ ಸುದ್ದಿ ವಾಟ್ಸಾಪಿನ ದಾರಿ ಕಾಯುವಂತಾಗಬಾರದು.

ಬಂದರುಗಳಲ್ಲಿ ನೆಟ್ಟು ಅಗ್ಗ. ವಿದೇಶದ ಬಂದರಾದರೆ ಅಲ್ಲಿಯ ಸಿಮ್ಮು, ಇಲ್ಲವೆ ಊರಿನಲ್ಲಿಯೇ ಕೊಂಡ ಇ-ಸಿಮ್ಮು. ಚಹದಂಗಡಿಯಲ್ಲಿ ಕುಳಿತರೆ ಎಷ್ಟೋ ಕಡೆ ಪುಕ್ಕಟೆ ವೈಫೈ. ದಿನಕ್ಕೊಂದು ಬಂದರು ಸಿಗುವ ಯಾನದಲ್ಲಿ ಹಡಗಿನ ನೆಟ್ಟನ್ನು ಕೊಳ್ಳದೆಯೇ ನಿಭಾಯಿಸಬಹುದು. ಲಕ್ಷದ್ವೀಪದ ಯಾತ್ರಿಕರಿಗಂತೂ ಅದೃಷ್ಟ ಖುಲಾಯಿಸಿದೆ. ಕೇವಲ ಉಪಗ್ರಹವನ್ನೇ ನೆಚ್ಚಿ ತೆವಳುತ್ತಿದ್ದ ಅಲ್ಲಿಯ ನೆಟ್ಟಿಗೆ, 2024ರ ಜನವರಿ 3ರಂದು ಕೊಚ್ಚಿಯಿಂದ ಹಾಸಿದ ಸಮುದ್ರದಡಿಯ ಕೇಬಲು ಲೋಕಾರ್ಪಣೆಯಾಗಿ, ಹೊಸ ಹರಿವು ಬಂದಿದೆ. ದ್ವೀಪವು ನಮ್ಮ ದೇಶವೇ ಆದುದರಿಂದ ಅಲ್ಲಿ ಇಳಿದವನಿಗೆ ವಿದೇಶ ರೋಮಿಂಗಿನ ಮಾತೇ ಇಲ್ಲ. ತನ್ನ ಕಂಪನಿಯ ಗೋಪುರ ತಾನು ಹೋಗುವ ದ್ವೀಪದಲ್ಲಿದೆಯೇ ಎಂದು ಮೊದಲೇ ವಿಚಾರಿಸಿದ್ದರೆ ಸಾಕು.

ಮರಳುವ ಮುಂಜಾನೆ ಕರಾವಳಿ ಕಂಡೊಡನೆ ಎಲ್ಲರ ಕೈಯೂ ಫೋನಿನ ಕಡೆ ಹರಿಯುತ್ತದೆ. ದಂಡೆ ಕಂಡ ಮಾತ್ರಕ್ಕೆ ದಂಡೆಯ ಗೋಪುರ ಸಿಕ್ಕಿತೆಂದಲ್ಲ. ನೌಕೆ ಬಂದರಿಗೆ ತಾಗಿ, ಹಗ್ಗ ಬಿಗಿದು, ಏಣಿ ಇಳಿಯುವವರೆಗೆ ವಿಮಾನದ ಗುರುತು ಹಾಗೆಯೇ ಇರಲಿ. ಆಮೇಲೆ ಸೂರ್ಯಾಸ್ತದ ಚಿತ್ರಗಳೆಷ್ಟಿವೆಯೋ ಅಷ್ಟನ್ನೂ ಬನಹಟ್ಟಿಗೆ ಕಳುಹಿಸಬಹುದು. ಮುಂಬಯಿಯಿಂದ ಊರು ಮುಟ್ಟುವ ರಾತ್ರಿಯ ಪ್ರಯಾಣದಲ್ಲಿ ಬೇರೆ ಕೆಲಸವಾದರೂ ಏನಿರುತ್ತದೆ.